ಹಳೇ ಮನೆ, ಹೊಸ ಮನೆ, ಕಣಜ

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇಂಥವೇ ಕೆಲಸ. ಕಂಪ್ಯೂಟರ್ ಒಂದೇ. ನಾಲ್ಕನೇ ಜನರೇಶನ್ ಐ3 ಪ್ರೊಸೆಸರ್, 500 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್ ವಿಂಡೋಸ್ 7. 2020ರ ಜನವರಿ 14ಕ್ಕೆ ಆ ವಿಂಡೋಸ್‌ಗೆ ಅಪ್‌ಡೇಟ್ ನಿಂತಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ತೆರೆಯುತ್ತಿತ್ತು, ಕನ್ನಡ ಟೈಪಿಸುವ ನುಡಿ ಓಡುತ್ತಿತ್ತು, ಪ್ರಿಂಟರ್ ಟ್ರೇಸಿಂಗ್ ಹಾಳೆ ಹೊರಗೆ ಹಾಕುತ್ತಿತ್ತು. ಸಾಕಲ್ವಾ?

ಸಾಕಾಗಲಿಲ್ಲ. 2023ರಲ್ಲಿ ಕ್ರೋಮ್ ಕೂಡ 7ರ ಕೈ ಬಿಟ್ಟಿತು. 109ನೇ ಆವೃತ್ತಿಯೇ ಕೊನೆ. ಆಮೇಲೆ ಒಂದೊಂದೇ ವೆಬ್‌ಸೈಟ್ ‘ನಿಮ್ಮ ಬ್ರೌಸರ್ ಹಳೆಯದಾಯಿತು’ ಎನ್ನಲು ಶುರು ಮಾಡಿತು. ಈಗಿನ ಗಿರಾಕಿಗಳು ಮ್ಯಾಟರ್ ಬರೆದು ತರುವುದೇ ಇಲ್ಲ. ಎಲ್ಲ ವಾಟ್ಸಾಪ್‌ನಲ್ಲಿ, ಯುನಿಕೋಡ್‌ನಲ್ಲಿ (ಮೊಬೈಲ್, ವೆಬ್‌ಸೈಟ್‌ಗಳೆಲ್ಲ ಬಳಸುವ ಅಕ್ಷರ ಸಂಕೇತ) ಬರುತ್ತದೆ.

ಹಾಗಾದರೆ 7 ತೆಗೆದು 10 ಹಾಕಿಕೊಳ್ಳಿ ಎನ್ನುತ್ತೀರಿ. ನನ್ನ ಮಗನೂ ಹಾಗೇ ಅಂದ. ಅವನಿಗೆ ನನ್ನ ಕಪಾಟು ಗೊತ್ತಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಎಂದರೆ ಏನೆಂದೇ ತಿಳಿಯದು. ನನ್ನ ಹದಿನೈದು ವರ್ಷದ ಫೈಲುಗಳೆಲ್ಲ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಕನ್ವರ್ಟರ್‌ಗೆ ಹಾಕಬಹುದು, ಹಾಕಿಯೂ ನೋಡಿದ್ದೇನೆ. ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ನಲವತ್ತು ಪುಟದ ಜಮಾ–ಖರ್ಚು ಪಟ್ಟಿಯಲ್ಲಿ ಅದನ್ನು ಹುಡುಕುವವರು ಯಾರು? ಇನ್ನು ಪ್ರಿಂಟರ್. ಅದರ ಡ್ರೈವರ್ 32 ಬಿಟ್‌ನದ್ದು ಮಾತ್ರ ನನ್ನ ಹತ್ತಿರ ಇದೆ. 64 ಬಿಟ್ ವಿಂಡೋಸ್ ಅದನ್ನು ಹತ್ತಿರಕ್ಕೂ ಸೇರಿಸುವುದಿಲ್ಲ.

ನನಗೆ ಎರಡು ಕನ್ನಡ ಬೇಕು, ಆದ್ದರಿಂದ ಎರಡು ವಿಂಡೋಸ್ ಬೇಕು. ಅಷ್ಟೇ ಲೆಕ್ಕ.

ವರ್ಚುವಲ್ ಮಶೀನ್ ಹಾಕಿಕೋ ಅಪ್ಪಾ, ಎಂದ ಮಗ. ಒಂದು ವಿಂಡೋಸ್‌ನೊಳಗೇ ಇನ್ನೊಂದನ್ನು ಓಡಿಸುವುದು. 4 ಜಿಬಿ ರ‍್ಯಾಮ್‌ನಲ್ಲಿ ಅದು ಏಳುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಇನ್ನೊಂದು 4 ಜಿಬಿ ಹಾಕಿಸಿದೆ. 32 ಬಿಟ್ 7 ಅದರಲ್ಲಿ ಮೂರು ಚಿಲ್ಲರೆ ಜಿಬಿ ಮಾತ್ರ ಬಳಸುತ್ತದಂತೆ! ದುಡ್ಡು ಕೊಟ್ಟ ಮೇಲೆ ತಿಳಿಯಿತು. ಕೊನೆಗೆ ಎರಡನ್ನೂ ಅಕ್ಕಪಕ್ಕ ಹಾಕುವುದೇ ಸರಿ ಎನಿಸಿತು.

ಇಂಥದ್ದರಲ್ಲಿ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಹಾಕಬೇಕು. ಹೊಸದರ ಬೂಟ್ ಲೋಡರ್‌ಗೆ (ಆನ್ ಮಾಡಿದಾಗ ವಿಂಡೋಸನ್ನು ಎಬ್ಬಿಸುವ ತಂತ್ರಾಂಶ) ಹಳೆಯದರ ಪರಿಚಯ ಇರುತ್ತದೆ. ಹಳೆಯದಕ್ಕೆ ಹೊಸದರ ಪರಿಚಯ ಇರುವುದಿಲ್ಲ, ಸುಮ್ನೆ ಅದರ ಮೇಲೆ ತನ್ನದನ್ನು ಬರೆದುಬಿಡುತ್ತದೆ. ನನ್ನದರಲ್ಲಿ 7 ಮೊದಲೇ ಇತ್ತು, ಆ ತಲೆನೋವು ಇರಲಿಲ್ಲ. ಫೈಲೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವನ್ನು ಕುಗ್ಗಿಸಿ 100 ಜಿಬಿ ಖಾಲಿ ಮಾಡಿದೆ. ಪೆನ್ ಡ್ರೈವ್‌ಗೆ 64 ಬಿಟ್ ವಿಂಡೋಸ್ 10 ಇಳಿಸಿ, ಅದರಿಂದಲೇ ಬೂಟ್ ಮಾಡಿದೆ.

ಅಲ್ಲಿ ಸಿಕ್ಕಿಬಿದ್ದೆ. ಖಾಲಿ ಜಾಗ ಆರಿಸಿದರೂ ಮುಂದೆ ಹೋಗುತ್ತಿಲ್ಲ. ಈ ಡಿಸ್ಕ್‌ನಲ್ಲಿ ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ, ಜಿಪಿಟಿ ಡಿಸ್ಕ್ ಆದರೆ ಮಾತ್ರ ಹಾಕುತ್ತೇನೆ ಎನ್ನುತ್ತದೆ. ಡಿಸ್ಕನ್ನು ಭಾಗ ಮಾಡಿ ಲೆಕ್ಕ ಇಡುವ ಹಳೇ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ಮೊಬೈಲ್‌ನಲ್ಲಿ ಹುಡುಕಿದೆ. ಒಂದು ವಿಡಿಯೋದಲ್ಲಿ ಒಬ್ಬ ಆರಾಮಾಗಿ ಹೇಳುತ್ತಿದ್ದಾನೆ: ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಿ, ಸರಿಹೋಗುತ್ತದೆ! ಸರಿಹೋಗುತ್ತದೆ ಮಾರಾಯ, ಹಳೇ 7, ಪೇಜ್‌ಮೇಕರ್, ನುಡಿ ಎಲ್ಲವೂ ಹೋಗುತ್ತದೆ. ಬೆರಳು ಮೌಸ್ ಮೇಲೇ ಇತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕಿರುಚಲು ಶುರು ಮಾಡಿತು. ಎಲ್ಲ ಆಫ್ ಮಾಡಿ ಮನೆಗೆ ಹೋದೆ.

ಮರುದಿನ ಬೂಟ್ ಮೆನು ಸರಿಯಾಗಿ ನೋಡಿದೆ. ಒಂದೇ ಪೆನ್ ಡ್ರೈವ್ ಎರಡು ಸಲ ಕಾಣುತ್ತಿತ್ತು. ಒಂದರ ಹಿಂದೆ ಯುಇಎಫ್‌ಐ (ಯಂತ್ರ ಏಳುವ ಹೊಸ ವಿಧಾನ, ವಿಂಡೋಸ್ ಹಾಕಲು ಇದರಲ್ಲಿ ಜಿಪಿಟಿಯೇ ಬೇಕು) ಎಂದಿತ್ತು, ಇನ್ನೊಂದರ ಹಿಂದೆ ಏನೂ ಇರಲಿಲ್ಲ. ನಾನು ಹಿಂದಿನ ದಿನ ಮೊದಲನೆಯದನ್ನು ಒತ್ತಿದ್ದೆ. ಎರಡನೆಯದನ್ನು ಒತ್ತಿದರೆ ಎಂಬಿಆರ್ ಬಗ್ಗೆ ತಕರಾರೇ ಇಲ್ಲ. ಮಧ್ಯಾಹ್ನದೊಳಗೆ 10 ಕೂತಿತು.

ಆಮೇಲಿನದ್ದೆಲ್ಲ ಸಣ್ಣಪುಟ್ಟ ಗೋಳು. ಆನ್ ಮಾಡಿದರೆ ನೀಲಿ ಪರದೆಯಲ್ಲಿ ಎರಡು ಹೆಸರು ಬರುತ್ತವೆ. 7 ಆರಿಸಿದರೆ ಯಂತ್ರ ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತದೆ. ಆ ನೀಲಿ ಪರದೆ ಬರುವ ಹೊತ್ತಿಗೆ 10 ಅರ್ಧ ಎದ್ದುಬಿಟ್ಟಿರುತ್ತದೆ. ಹಳೇ ಕಪ್ಪು ಮೆನುವಿಗೆ ಬದಲಾಯಿಸಿಕೊಂಡ ಮೇಲೆ ಅದು ತಪ್ಪಿತು.

ನಿಜವಾಗಿ ಹೆದರಿಸಿದ್ದು ಫಾಸ್ಟ್ ಸ್ಟಾರ್ಟಪ್. 10ರಲ್ಲಿ ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ. ಅರ್ಧ ನೆನಪನ್ನು ಡಿಸ್ಕ್‌ಗೆ ಬರೆದು ಕಣ್ಣು ಮುಚ್ಚುತ್ತದೆ. ಆ ಸಮಯದಲ್ಲಿ 7ಕ್ಕೆ ಹೋಗಿ ಅದೇ ಡ್ರೈವ್ ಮುಟ್ಟಿದರೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ. 7 ಏಳುವಾಗಲೆಲ್ಲ ಡಿಸ್ಕ್ ಪರೀಕ್ಷೆ ಶುರು ಮಾಡುತ್ತಿತ್ತು. ಒಂದು ದಿನ ಮದುವೆ ಕಾಗದದ ಫೈಲ್ ತೆರೆಯಲೇ ಇಲ್ಲ. ಪುಣ್ಯಕ್ಕೆ ಪ್ರೂಫ್ ತೆಗೆದಿಟ್ಟಿದ್ದೆ, ಕೂತು ಮತ್ತೆ ಟೈಪ್ ಮಾಡಿದೆ. 10ರ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆ ಟಿಕ್ ತೆಗೆದೆ. ಆಮೇಲೆ ತೊಂದರೆ ಬಂದಿಲ್ಲ. ಎರಡು ವಿಂಡೋಸ್ ಇಡುವವರು ಮೊದಲ ದಿನವೇ ಇದನ್ನು ಮಾಡಿ, ನನ್ನ ಹಾಗೆ ಎರಡು ವಾರ ಕಾಯಬೇಡಿ.

ಇನ್ನೊಂದು ಗೊಂದಲ ಡ್ರೈವ್ ಅಕ್ಷರದ್ದು. ಯಾವುದರೊಳಗೆ ಕೂತರೆ ಅದೇ ತಾನು ಸಿ ಎನ್ನುತ್ತದೆ. ಹಾಗಾಗಿ ಡ್ರೈವ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟೆ: ಹಳೇ ಮನೆ, ಹೊಸ ಮನೆ, ಕಣಜ. ಎರಡೂ ಕಡೆಯ ಫೈಲು ಕಣಜಕ್ಕೇ ಹೋಗಬೇಕು. ಹಳೇ ಮನೆಗೆ ಇಂಟರ್‌ನೆಟ್ ಇಲ್ಲ, ನೆಟ್‌ವರ್ಕ್ ಕಾರ್ಡನ್ನೇ ಡಿಸೇಬಲ್ ಮಾಡಿದ್ದೇನೆ. ನಾನಿಲ್ಲದಾಗ ಅಂಗಡಿ ನೋಡಿಕೊಳ್ಳುವ ಹೆಂಡತಿ ಹೊಸ ಮನೆಯಲ್ಲಿ ಕೂತು ಪೇಜ್‌ಮೇಕರ್ ಎಲ್ಲಿ ಹೋಯ್ತು ಅಂತ ಫೋನ್ ಮಾಡುತ್ತಿದ್ದಳು. ಈಗ 7ಕ್ಕೆ ಕೆಂಪು ವಾಲ್‌ಪೇಪರ್, 10ಕ್ಕೆ ಹಸಿರು. ‘ಈಗ ಯಾವ ಬಣ್ಣ ಇದೆ?’ ಎಂದು ಕೇಳಿದರೆ ಮುಗಿಯಿತು.

2025ರ ಅಕ್ಟೋಬರ್ 14ಕ್ಕೆ 10ರ ಕಾಲವೂ ಮುಗಿದಿದೆ. 11ಕ್ಕೆ ಎಂಟನೇ ಜನರೇಶನ್ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ನನ್ನ ಯಂತ್ರದ ಕೈಲಿ ಆಗುವುದಿಲ್ಲ. ಎಂಬಿಆರ್ ಡಿಸ್ಕ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್, ನಾಲ್ಕೂ ತುಂಬಿವೆ. ಮಗ ಹೊಸ ಕಂಪ್ಯೂಟರ್‌ನ ಫೋಟೊ ಕಳಿಸುತ್ತಿದ್ದಾನೆ. ಸೆಪ್ಟೆಂಬರ್ ಬಂದರೆ ಸೊಸೈಟಿಯ ಸೆಕ್ರೆಟರಿ ಚಹಾ ಹೊತ್ತಿಗೆ ಬಂದು ಕೂತು ಹೇಳುವುದು ಒಂದೇ ಮಾತು: ‘ಹೋದ ವರ್ಷದ್ದೇ ಇಟ್ಟು ಅಂಕಿ ಮಾತ್ರ ಬದಲಾಯಿಸಿ ಕೊಡಿ ಮಾರಾಯ್ರೆ.’ ಆಗ ಕೆಂಪು ಪರದೆಗೇ ಹೋಗುತ್ತೇನೆ.