ಮೊದಲು ಡ್ಯೂಟಿ ಚಾರ್ಟು, ಆಮೇಲೆ ಮಾನ್‌ಸ್ಟರ್

ಕಡಿಮೆ ದುಡ್ಡಿನ ಮಾನ್‌ಸ್ಟರ್ ಸಿನಿಮಾ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ರಬ್ಬರ್ ಸೂಟಿನ ಮೇಲೆ. ಜಿಪ್ ಕಾಣಿಸಿತು, ಮೊಣಕಾಲ ಹತ್ತಿರ ಮಡಿಕೆ ಬಿತ್ತು ಅಂತ ನಗುತ್ತೇವೆ. ಆದರೆ ಈ ಜಾತಿಯ ಚಿತ್ರಗಳು ಸೂಟಿಗೆ ಎಷ್ಟೋ ಮೊದಲೇ ಕೆಟ್ಟಿರುತ್ತವೆ. ಸಂಶೋಧನಾ ಕೇಂದ್ರ ಅಂತ ಬೋರ್ಡು ಇರುತ್ತದೆ, ಒಳಗೆ ಬಿಳಿ ಕೋಟಿನವರು ಬಣ್ಣದ ನೀರಿನ ಗಾಜಿನ ಪಾತ್ರೆ ಹಿಡಿದು ನಿಂತಿರುತ್ತಾರೆ. ಅವರ ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತದೆ, ಜನರೇಟರಿಗೆ ಡೀಸೆಲ್ ಹಾಕುವವರು ಯಾರು, ಸಂಬಳ ಕೊಡುವವನು ಎಲ್ಲಿದ್ದಾನೆ, ಒಂದೂ ತಿಳಿಯುವುದಿಲ್ಲ. ಅಂಥವರನ್ನು ಯಾವ ಪ್ರಾಣಿ ತಿಂದರೇನು?

1979ರ ‘ಏಲಿಯನ್’ ಬಡವರ ಸಿನಿಮಾ ಏನಲ್ಲ. ಆದರೂ ಅದರ ಅತಿ ಅಗ್ಗದ ಭಾಗವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಕಥೆ ನಡೆಯುವುದು ಬಾಹ್ಯಾಕಾಶದಲ್ಲಿ ಸರಕು ಎಳೆಯುವ ಹಡಗಿನಲ್ಲಿ. ಊಟದ ಟೇಬಲ್ಲಿನಲ್ಲಿ ಕೆಳಗಿನ ಡೆಕ್ಕಿನ ಇಬ್ಬರು ತಮಗೆ ಬೋನಸ್ ಪಾಲು ಕಡಿಮೆ ಅಂತ ಗೊಣಗುತ್ತಾರೆ. ಈ ಗೊಣಗಾಟಕ್ಕೆ ಖರ್ಚು ಸೊನ್ನೆ, ಅಷ್ಟಕ್ಕೇ ಹಡಗು ನಿಜವಾಗಿಬಿಡುತ್ತದೆ. ಸ್ಕ್ರಿಪ್ಟಿನ ಮೊದಲ ಪುಟಕ್ಕೂ ಮುಂಚೆ ಒಂದು ಡ್ಯೂಟಿ ಚಾರ್ಟು ಬರೆದುಕೊಳ್ಳಿ. ಐದರಿಂದ ಏಳು ಜನ ಸಾಕು. ಯಾರಿಗೆ ಯಾವ ಕೆಲಸ, ಯಾರ ಹತ್ತಿರ ಯಾವ ಬೀಗದ ಕೈ, ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ. ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಇನ್ನರ್ಧ ಆ ಜಾಗದ ಸಾಮಾನಿನಲ್ಲಿರುತ್ತದೆ. 1959ರ ‘ದಿ ಕಿಲ್ಲರ್ ಶ್ರೂಸ್’ ಟೆಕ್ಸಸ್‌ನಲ್ಲಿ ತೆಗೆದ ಚಿತ್ರ. ಕಥೆ ದ್ವೀಪವೊಂದರ ಪ್ರಯೋಗಾಲಯದ್ದು. ನಾಯಿಗಳ ಮೇಲೆ ಜಮಖಾನೆಯಂಥ ತುಪ್ಪಳ ಹೊದಿಸಿ ಅವನ್ನೇ ದೈತ್ಯ ಮೂಗಿಲಿ ಮಾಡಿದರು. ದೂರದಿಂದ ಓಡಿಬರುವಾಗ ಅದು ಶುದ್ಧ ನಾಯಿ, ಬಾಲವನ್ನೂ ಆಡಿಸುತ್ತದೆ ಅನ್ನಿಸುತ್ತದೆ. ಆದರೆ ಕೊನೆಯಲ್ಲಿ ಉಳಿದವರು ಅಲ್ಲೇ ಬಿದ್ದಿದ್ದ ಖಾಲಿ ಡ್ರಮ್ಮುಗಳನ್ನು ಒಟ್ಟಿಗೆ ಬಿಗಿದು, ಬೋರಲು ಹಾಕಿ, ಒಳಗೆ ಕುಕ್ಕರುಗಾಲಲ್ಲಿ ನಡೆಯುತ್ತಾ ಸಮುದ್ರತೀರ ಸೇರುತ್ತಾರೆ. ಆ ಡ್ರಮ್ಮಿನ ದೃಶ್ಯದಲ್ಲಿ ನಾಯಿ ಮರೆತುಹೋಗುತ್ತದೆ. 2008ರ ‘ಸ್ಪ್ಲಿಂಟರ್’ ಪೆಟ್ರೋಲ್ ಬಂಕಿನಲ್ಲಿ ನಡೆಯುತ್ತದೆ. ಪ್ರಾಣಿ ಮೈಶಾಖದ ಜಾಡು ಹಿಡಿದು ಬರುವುದರಿಂದ ಒಬ್ಬಾತ ಅಂಗಡಿಯ ಐಸ್ ಚೀಲಗಳಿಂದಲೇ ಮೈ ತಣ್ಣಗೆ ಮಾಡಿಕೊಂಡು ಹೊರಗೆ ಹೋಗುತ್ತಾನೆ. ಎರಡರಲ್ಲೂ ಕ್ಲೈಮ್ಯಾಕ್ಸಿನ ಸಾಮಾನು ಮೊದಲಿನಿಂದ ಕಣ್ಣೆದುರೇ ಇದ್ದದ್ದು. ಇಂಥ ಕಥೆಗೆ ಹೊರಗಿನಿಂದ ಬಂದೂಕು ತಂದುಕೊಟ್ಟರೆ ಆ ಜಾಗ ಯಾಕೆ ಬೇಕಿತ್ತು?

ಇನ್ನು ಸೂಟು. 1958ರ ‘ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ಮಂಗಳದಿಂದ ವಾಪಸ್ ಬರುವ ರಾಕೆಟ್ಟಿನ ಕಥೆ. ಪ್ರಾಣಿ ಕೆಳಗಿನ ಅಂತಸ್ತಿನಿಂದ ಒಂದೊಂದೇ ಬಾಗಿಲು ಒಡೆದು ಮೇಲೆ ಬರುತ್ತದೆ, ಸಿಬ್ಬಂದಿ ಒಂದೊಂದೇ ಅಂತಸ್ತು ಬಿಟ್ಟು ಮೇಲೇರುತ್ತಾರೆ. ಸೂಟು ಮಾಡಿದವರು ಪಾಲ್ ಬ್ಲೈಸ್‌ಡೆಲ್, ಒಳಗಿದ್ದವರು ರೇ ‘ಕ್ರ್ಯಾಶ್’ ಕಾರಿಗನ್. ಕಾರಿಗನ್ ಅಳತೆ ಕೊಡಲು ಬ್ಲೈಸ್‌ಡೆಲ್ ಮನೆಯವರೆಗೆ ಹೋಗಲಿಲ್ಲ, ಹಾಗಾಗಿ ತಲೆಯ ಭಾಗ ಅಂದಾಜಿನಲ್ಲೇ ಆಯಿತು. ಹಾಕಿ ನೋಡಿದರೆ ಅವರ ಗದ್ದ ಮಾನ್‌ಸ್ಟರಿನ ಬಾಯಿಂದ ಹೊರಗೆ ಚಾಚಿಕೊಂಡಿತು. ಹೊಸ ತಲೆ ಮಾಡಲು ಹೊತ್ತಿರಲಿಲ್ಲ. ಗದ್ದಕ್ಕೇ ಬಣ್ಣ ಬಳಿದು ನಾಲಿಗೆ ಮಾಡಿಬಿಟ್ಟರು. ಚಿತ್ರ ನೋಡುವಾಗ ಆ ಬಾಯಿಯನ್ನೇ ಗಮನಿಸಿ, ದಪ್ಪ ನಾಲಿಗೆ ಅಂತಲೇ ನಂಬುತ್ತೀರಿ. ತಲೆಯ ಸುತ್ತಳತೆ, ಹಣೆಯಿಂದ ಗದ್ದದವರೆಗೆ, ಕಣ್ಣಿನಿಂದ ಕಣ್ಣಿಗೆ: ಈ ಮೂರು ಅಳತೆ ಇಲ್ಲದೆ ಮುಖವಾಡಕ್ಕೆ ಕೈ ಹಾಕಬಾರದು.

ಸೆಟ್ಟಿನ ವಿಷಯಕ್ಕೆ ಬಂದರೆ ಅಗ್ಗದ ಚಿತ್ರಗಳಿಗೇ ಹೆಸರಾದ ಹಾಲಿವುಡ್ ನಿರ್ಮಾಪಕ ರಾಜರ್ ಕಾರ್ಮನ್ ಅವರ ಕಂಪನಿಯೇ ಪಾಠಶಾಲೆ. ಅವರ ಸ್ಟುಡಿಯೋ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿದ್ದ ಹಳೇ ಮರದ ಡಿಪೋ. 1981ರ ‘ಗ್ಯಾಲಕ್ಸಿ ಆಫ್ ಟೆರರ್’ ಚಿತ್ರದ ಸೆಟ್ಟನ್ನು ಒಡೆಯುವ ಮುಂಚೆಯೇ ಅದರಲ್ಲೇ ಇನ್ನೊಂದು ಚಿತ್ರದ ಆರಂಭವನ್ನು ಶೂಟ್ ಮಾಡಿಸಿದರು; ಅದು 1982ರಲ್ಲಿ ‘ಫರ್ಬಿಡನ್ ವರ್ಲ್ಡ್’ ಆಗಿ ಬಂತು. ‘ಗ್ಯಾಲಕ್ಸಿ’ಯಲ್ಲಿ ಸೆಟ್ಟಿನ ಹೊಣೆ ಹೊತ್ತವರಲ್ಲಿ ಮುಂದೆ ‘ಟೈಟಾನಿಕ್’ ಮಾಡಿದ ಜೇಮ್ಸ್ ಕ್ಯಾಮರನ್ ಕೂಡ ಇದ್ದರು. ತುಂಡಾದ ಕೈಯ ಮೇಲೆ ಹುಳು ಮಿಸುಕಾಡುವ ಶಾಟು ಬೇಕಿತ್ತು, ಹುಳುಗಳು ಸುಮ್ಮನೆ ಬಿದ್ದಿದ್ದವು. ಕ್ಯಾಮರನ್ ಕೃತಕ ಕೈಯೊಳಗೆ ತಂತಿ ಎಳೆದು, ಒದ್ದೆ ಲೋಳೆ ಸವರಿ, ‘ಆ್ಯಕ್ಷನ್’ ಅಂದಾಗ ಮರೆಯಲ್ಲಿದ್ದವನು ಕರೆಂಟು ಕೊಡುವಂತೆ ಮಾಡಿದರು. ಹುಳುಗಳು ಎದ್ದು ಕುಣಿದವು, ‘ಕಟ್’ ಅಂದರೆ ನಿಂತವು. ನೋಡುತ್ತಿದ್ದ ಇಬ್ಬರು ನಿರ್ಮಾಪಕರು ಬೆರಗಾಗಿ ಮುಂದೆ ಅವರಿಗೆ ನಿರ್ದೇಶನದ ಕೆಲಸ ಕೊಟ್ಟರು. ಇದನ್ನು ಮಾತ್ರ ಯಾರೂ ಮಾಡಿ ನೋಡಬೇಡಿ. ಅಮೆರಿಕದ ಪ್ಲಗ್ಗಿನಲ್ಲಿರುವುದು 120 ವೋಲ್ಟು, ನಮ್ಮದು 230. ಲೋಳೆ ಸವರಿದ ಕೈಗೆ ಎರಡೂ ಕೊಲೆಗಾರನೇ.

ಆ ಲೋಳೆ ಮೀಥೈಲ್ ಸೆಲ್ಯುಲೋಸ್ ಅನ್ನುವ, ನೀರನ್ನು ಗಟ್ಟಿ ಮಾಡುವ ಪುಡಿಯದು, ಇವತ್ತಿಗೂ ಅದನ್ನು ಬಿಟ್ಟರೆ ಬೇರೆ ಬೇಡ. ಒಂದು ಲೀಟರಿಗೆ 20 ಗ್ರಾಂ, ಆಹಾರ ದರ್ಜೆಯದು. ಪುಡಿಯನ್ನು ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ಕಡೆದರೂ ಬಿಡುವುದಿಲ್ಲ. ಕಾರಣ ಸರಳ: ಇದು ಬಿಸಿನೀರಿನಲ್ಲಿ ಕರಗದು, ತಣ್ಣೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು 300 ಮಿಲಿ ನೀರನ್ನು 80 ಡಿಗ್ರಿ ದಾಟಿಸಿ, ಪುಡಿ ಉದುರಿಸುತ್ತಾ ಕಡೆಯಿರಿ. ಕಣಕಣವೂ ಒದ್ದೆಯಾಗಿ ಮೊಸರಿನ ಬಣ್ಣ ಬಂದ ಮೇಲೆ 700 ಮಿಲಿ ಐಸ್ ನೀರು ಹಾಕಿ ತಿರುವುತ್ತಾ ಇದ್ದರೆ ಗಟ್ಟಿಯಾಗುತ್ತಾ ಬರುತ್ತದೆ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಗುಳ್ಳೆ ಹೋಗಿ ತಿಳಿಯಾಗುತ್ತದೆ. ಎರಡು ಮೂರು ದಿನದೊಳಗೆ ಮುಗಿಸಿ, ನಾರುತ್ತದೆ. ಲೈಟಿನ ಬಿಸಿಗೆ ಮೇಲೆ ಕೆನೆ ಕಟ್ಟಿದರೆ ನೀರು ಸ್ಪ್ರೇ ಮಾಡಿ. ವಾಲ್‌ಪೇಪರ್ ಅಂಟಿನಲ್ಲೂ ಇದೇ ಇರುತ್ತದಲ್ಲ ಅನ್ನಬೇಡಿ, ಅದಕ್ಕೆ ಬೂಸ್ಟು ಹಿಡಿಯದಂತೆ ವಿಷ ಬೆರೆಸಿರುತ್ತಾರೆ.

ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್, ಸ್ವಲ್ಪ ನೀರು, ಕೆಂಪು ಬಣ್ಣ, ಅದರ ಕಾಲು ಭಾಗಕ್ಕಿಂತಲೂ ಕಡಿಮೆ ಹಳದಿ. ಸಕ್ಕರೆ ಪಾಕವೇ ಆದ್ದರಿಂದ ರಾತ್ರಿ ಶೂಟಿಂಗಿನಲ್ಲಿ ‘ಹೆಣ’ವಾಗಿ ಮಲಗಿದವರಿಗೆ ನಿಜವಾದ ಹಿಂಸೆ ಇರುವೆಯದು.

ಪ್ರಾಣಿಯನ್ನು ಇಡಿಯಾಗಿ ಮಾಡುವ ಆಸೆ ಬಿಡಿ. ಒಂದು ತೋಳು, ಒಂದು ಭುಜ, ಬಾಗಿಲ ಸಂದಿಯಿಂದ ತೂರುವ ಒಂದೂವರೆ ಮೀಟರಿನ ಬಳ್ಳಿಯಂಥ ಕೈ ಸಾಕು. ನಾಲ್ಕು ಇಂಚಿನ ಹಾಸಿಗೆ ಫೋಮನ್ನು ಬ್ರೆಡ್ ಕೊಯ್ಯುವ ಚಾಕುವಿನಿಂದ ಮೊನೆಯಾಗಿ ಕೊಯ್ದು, ಕತ್ತರಿಯಿಂದ ಅಂಚು ದುಂಡು ಮಾಡಿ. ಒಳಗೆ ಹೊಸೆದ 3 ಎಂಎಂ ಅಲ್ಯೂಮಿನಿಯಂ ತಂತಿ; ತುದಿ ಮಡಚಿ ಟೇಪು ಸುತ್ತಿ, ಇಲ್ಲದಿದ್ದರೆ ಮೂರನೇ ಟೇಕಿನಲ್ಲಿ ಫೋಮ್ ತೂರಿ ನಟನ ಕಣ್ಣಿಗೇ ಬರುತ್ತದೆ. ಮೇಲೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲು.

ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಇದೆಯಲ್ಲ, ಹಾಲನ್ನೇ ತಂದರಾಯಿತು ಅಂದುಕೊಳ್ಳುವವರು ಇಲ್ಲಿ ಮೋಸ ಹೋಗುತ್ತಾರೆ. ಮರದಿಂದ ಇಳಿದ ಹಾಲಿನಲ್ಲಿ ರಬ್ಬರ್ ಅಂಶ ನೂರಕ್ಕೆ ಮೂವತ್ತು ನಲವತ್ತು, ಉಳಿದದ್ದು ಹೆಚ್ಚಿನಂಶ ನೀರು. ಅಮೋನಿಯ ಹಾಕದಿದ್ದರೆ ಅದೇ ದಿನ ಹೆಪ್ಪುಗಟ್ಟುತ್ತದೆ. ವಲ್ಕನೈಸ್ (ಗಂಧಕ ಸೇರಿಸಿ ರಬ್ಬರನ್ನು ಗಟ್ಟಿಗೊಳಿಸುವುದು) ಆಗಿರದ ಕಾರಣ ಒಣಗಿದ ಮೇಲೂ ಅಂಟಂಟು, ಎಳೆದರೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಕೇಳಬೇಕಾದದ್ದು ಪ್ರಿ-ವಲ್ಕನೈಸ್ಡ್, 60 ಪರ್ಸೆಂಟಿನ ಲೇಟೆಕ್ಸ್. ಮೊದಲ ಕೋಟಿಗೆ ಸ್ವಲ್ಪ ನೀರು ಬೆರೆಸಿ ಫೋಮಿಗೆ ಕುಡಿಸಿ. ಆಮೇಲೆ ಮೂರು ನಾಲ್ಕು ಕೋಟು, ನಡುನಡುವೆ ಹರಿದ ಟಿಶ್ಯೂ ಪೇಪರನ್ನು ಒದ್ದೆಯಲ್ಲೇ ಸುಕ್ಕುಸುಕ್ಕಾಗಿ ಒತ್ತಿದರೆ ಚರ್ಮದ ಮಡಿಕೆ ತಾನೇ ಬರುತ್ತದೆ. ಹಾಲಿನ ಬಿಳುಪು ಪೂರ್ತಿ ಹೋಗಿ ತುಸು ಹಳದಿಗೆ ತಿರುಗಿದರೆ ಒಂದು ಕೋಟು ಒಣಗಿದ ಹಾಗೆ. ಮಳೆಗಾಲದಲ್ಲಿ ಇದಕ್ಕೆ ಇಡೀ ದಿನ ಹಿಡಿಯಬಹುದು, ಫ್ಯಾನಿನ ಕೆಳಗಿಡಿ. ಒಣಗಿದ ಕೂಡಲೇ ಟಾಲ್ಕಮ್ ಪೌಡರ್ ಹಚ್ಚದಿದ್ದರೆ ಮಡಚಿದ ಜಾಗ ತನ್ನಷ್ಟಕ್ಕೆ ಅಂಟಿಕೊಂಡು, ಬಿಡಿಸುವಾಗ ಹರಿಯುತ್ತದೆ. ಬಣ್ಣ ಬೇಕಾದರೆ ಅಕ್ರಿಲಿಕ್ಕನ್ನು ಲೇಟೆಕ್ಸಿಗೇ ಬೆರೆಸಿ ಬಳಿಯಿರಿ, ಬರಿಯ ಅಕ್ರಿಲಿಕ್ ಬಾಗಿದಾಗ ಬಿರಿಯುತ್ತದೆ. ಹೊಳಪಿಗೆ ವ್ಯಾಸಲೀನೋ ಕೊಬ್ಬರಿ ಎಣ್ಣೆಯೋ ಹಚ್ಚಿದರೆ ಮುಗಿಯಿತು, ಎಣ್ಣೆ ರಬ್ಬರನ್ನು ಕೊಳೆಸಿಬಿಡುತ್ತದೆ. ಒದ್ದೆ ಕಾಣಲು ಮೇಲಿನ ಲೋಳೆಯೊಂದೇ.

ಲೈಟನ್ನು ಪ್ರಾಣಿಯ ಹಿಂದಿನಿಂದ, ಓರೆಯಾಗಿ ಕೊಡಿ. ಲೋಳೆಯ ಅಂಚು ಮಾತ್ರ ಮಿನುಗಿ, ಮುಂಭಾಗದ ದೋಷವೆಲ್ಲ ಕತ್ತಲಲ್ಲಿ ಉಳಿಯುತ್ತದೆ. ಕಾರ್ಖಾನೆಯ ಟ್ಯೂಬ್‌ಲೈಟನ್ನೇ ಬಳಸುವುದಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೇರೆ ಲೆಕ್ಕ ಹಿಡಿದರೆ ಪರದೆಯ ಮೇಲೆ ಪಟ್ಟಿ ಓಡುತ್ತದೆ. ಕೈ ಚಾಚುವ ಶಾಟನ್ನು 20 ಫ್ರೇಮಿನಲ್ಲಿ ತೆಗೆದು 25ರಲ್ಲಿ ಓಡಿಸಿದರೆ ಕಾಲು ಪಾಲು ವೇಗ ಹೆಚ್ಚುತ್ತದೆ, ಫೋಮಿನ ಹಗುರತನ ಮರೆಯಾಗುತ್ತದೆ. ಕೈ ತಾನಾಗಿ ನುಗ್ಗುವಂತೆ ಕಾಣಬೇಕಾದರೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ಚಿತ್ರೀಕರಿಸಿ, ಎಡಿಟಿಂಗಿನಲ್ಲಿ ತಿರುಗಿಸಿ.

ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಮಳೆಗೆ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದರೆ ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶೆಡ್ಡು ಅಂಟಾರ್ಕ್ಟಿಕಾದಷ್ಟೇ ದೂರ. ನೆಟ್‌ವರ್ಕ್ ಯಾಕಿಲ್ಲ ಅಂತ ವಿವರಿಸಬೇಕಾಗಿಯೂ ಇಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು ನನ್ನ ಕಣ್ಣಿಗೆ ಎಲ್ಲಕ್ಕಿಂತ ಒಳ್ಳೇದು: ಚೀಲಗಳ ಗೋಡೆ, ಭಾರೀ ಬಾಗಿಲು, ಸಾಕಷ್ಟು ತಣ್ಣಗಿದ್ದರೆ ಉಸಿರಿನ ಹಬೆ ಪುಕ್ಕಟೆ. 1982ರ ‘ದಿ ಥಿಂಗ್’ನವರು ಇದೇ ಹಬೆಗಾಗಿ ಲಾಸ್ ಏಂಜಲೀಸಿನ ಸೆಕೆಯಲ್ಲಿ ಸ್ಟೇಜನ್ನೇ ಫ್ರಿಜ್ಜು ಮಾಡಬೇಕಾಯಿತು. ಒಳಗಿನಿಂದ ಕ್ಯಾಮೆರಾ ಹೊರತರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಇಲ್ಲವಾದರೆ ಲೆನ್ಸಿನೊಳಗೂ ನೀರು ಕೂರುತ್ತದೆ. ಬ್ಯಾಟರಿ ಜೇಬಿನಲ್ಲಿರಲಿ, ಚಳಿಗೆ ಬೇಗ ಇಳಿಯುತ್ತದೆ. ಮೆಣಸಿನ ಘಾಟಿಗೆ ಎಲ್ಲರಿಗೂ ಮಾಸ್ಕ್. ನಟರ ಕೆಮ್ಮನ್ನು ಕಥೆಯೊಳಗೇ ಸೇರಿಸಿಕೊಳ್ಳಿ.

ಹಿಟ್ಟಿನ ಗಿರಣಿಯಲ್ಲಿ ಶೂಟ್ ಮಾಡುವವರು ಬೆಂಕಿ, ಪಟಾಕಿ ಎರಡನ್ನೂ ಸ್ಕ್ರಿಪ್ಟಿನಿಂದಲೇ ತೆಗೆಯಬೇಕು, ಗಾಳಿಯಲ್ಲಿ ತೇಲುವ ಹಿಟ್ಟು ಸ್ಫೋಟಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಥಿನ್ನರ್, ಸಾಲ್ವೆಂಟ್ ಬಳಸಿದ ದಿನವೂ ಅಷ್ಟೇ. ‘ದಿ ಥಿಂಗ್’ನಲ್ಲಿ ತಲೆ ಕಿತ್ತು ಬರುವ ಶಾಟಿಗೆ ಪ್ಲಾಸ್ಟಿಕ್ ಕರಗಿಸಿ ಬಳಸಿದ್ದರು. ಕೋಣೆ ತುಂಬ ಆವಿ ಕಟ್ಟಿಕೊಂಡಿತ್ತು. ಕ್ಯಾಮೆರಾ ಮುಂದೆ ಚಂದಕ್ಕೆ ಒಂದಿಷ್ಟು ಜ್ವಾಲೆ ಬೇಕೆಂದು ಹೊತ್ತಿಸಿದ್ದೇ ತಡ, ಆವಿ ಭಗ್ಗೆಂದಿತು. ಬೊಂಬೆಯನ್ನೇ ಬೆಂಕಿ ಸುತ್ತಿಕೊಂಡಿತು; ಆರಿಸಿದ ಮೇಲೆ ನೋಡಿದರೆ ಪುಣ್ಯಕ್ಕೆ ಹಾನಿ ಅಲ್ಪ, ಶಾಟನ್ನು ತೆಗೆಯಲು ಸಾಧ್ಯವಾಯಿತು.