ರಾಗಿಗೆ ನೆಗಡಿ: ಒಂದು ಚಳಿಗಾಲದ ಲೆಕ್ಕಪುಸ್ತಕ

ನವೆಂಬರ್ 9

ಈ ಪುಸ್ತಕ ತೆರೆದದ್ದು ಒಗ್ಗರಣೆಯ ದೆಸೆಯಿಂದ. ಲೀಡ್ಸ್‌ನ ಚಳಿಗೆ ಕಿಟಕಿಗಳನ್ನೆಲ್ಲ ಬಿಗಿದುಕೊಂಡು ಒಣಮೆಣಸಿನಕಾಯಿ, ಇಂಗು ಹಾಕಿ ಸಾರಿಗೆ ಒಗ್ಗರಣೆ ಕೊಟ್ಟರೆ ನಮಗೇ ಕೆಮ್ಮು ಹತ್ತುತ್ತದೆ. ನೆಲಕ್ಕೆ ಮೂಗು ತಾಗಿಸಿಕೊಂಡೇ ಓಡಾಡುವ ನಮ್ಮ ಎರಡು ಫೆರೆಟ್‌ಗಳ (ಮುಂಗುಸಿಯಂತೆ ಕಾಣುವ, ಉದ್ದ ಮೈಯ ಸಾಕುಪ್ರಾಣಿಗಳು) ಪಾಡು ಕೇಳುವುದೇ ಬೇಡ. ನಿನ್ನೆ ರಾಗಿ (ಗಂಡು, ಕಂದು ಬಣ್ಣ, 1.6 ಕಿಲೊ) ಒಂದರ ಹಿಂದೆ ಒಂದರಂತೆ ಹನ್ನೊಂದು ಸಲ ಸೀನಿದ. ಅವಲಕ್ಕಿ (ಹೆಣ್ಣು, ಬಿಳಿ ಮೈ, ಕೆಂಪು ಕಣ್ಣು, 800 ಗ್ರಾಂ) ಸೋಫಾದ ಕೆಳಗೆ ನುಸುಳಿ ಕುಳಿತವಳು ರಾತ್ರಿಯವರೆಗೂ ಹೊರಗೆ ಬರಲಿಲ್ಲ.

ಫೆರೆಟ್ ಎಂದ ಮೇಲೆ ಸೀನು ಇದ್ದದ್ದೇ. ಮೂಲೆ ಮೂಲೆ ಮೂಸುವಾಗ ಧೂಳು ಮೂಗಿಗೇರುತ್ತದೆ, ನಾಲ್ಕು ಸೀನು ಸೀನಿ ಮತ್ತೆ ಆಟಕ್ಕೆ ಇಳಿಯುತ್ತವೆ. ಅವುಗಳ ಸಹಜ ಸೀನು ಎಷ್ಟು ಎಂದು ಗೊತ್ತಿಲ್ಲದಿದ್ದರೆ ರೋಗದ ಸೀನನ್ನು ಗುರುತಿಸುವುದು ಹೇಗೆ? ಅದಕ್ಕೇ ಈ ಲೆಕ್ಕ. ಸಂಜೆ ಒಂದು ಗಂಟೆಯ ಆಟದಲ್ಲಿ ಎಷ್ಟು ಸೀನು, ಆಟ ಮುಗಿಸಿ ಸುಮ್ಮನೆ ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು, ಅಡುಗೆಮನೆಯ ತಕ್ಕಡಿಯಲ್ಲಿ ಎಷ್ಟು ತೂಕ. ಆರೋಗ್ಯವಾಗಿರುವ ಫೆರೆಟ್ ನಿಮಿಷಕ್ಕೆ 33ರಿಂದ 36 ಸಲ ಉಸಿರಾಡುತ್ತದೆ. ರಾಗಿಯದು 34. ಅವಲಕ್ಕಿಯದನ್ನು ಎಣಿಸುವುದು ಕಷ್ಟ, ಅವಳು ಒಂದು ನಿಮಿಷ ಸುಮ್ಮನಿರುವವಳಲ್ಲ.

ನವೆಂಬರ್ 23

ಎರಡು ವಾರದ ಕೆಲಸ. ಮಲದ ತಟ್ಟೆಯಲ್ಲಿದ್ದ, ಒದ್ದೆಯಾದರೆ ಗಟ್ಟಿಯಾಗುವ, ಬೆಕ್ಕುಗಳಿಗೆಂದು ಮಾರುವ ಮಣ್ಣನ್ನು ತೆಗೆದು ಕಾಗದದ ಉಂಡೆಗಳನ್ನು ಹಾಕಿದೆ. ಆ ಮಣ್ಣನ್ನು ಕೆದಕಿದರೆ ಏಳುವ ಧೂಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ ನನಗೇ ನಾಚಿಕೆಯಾಯಿತು. ಪೈನ್ ಮತ್ತು ಸೀಡರ್ ಮರದ ತುರಿಯಂತೂ ಬೇಡವೇ ಬೇಡ, ಅದರಿಂದ ಏಳುವ ಘಮ ಇವುಗಳ ಶ್ವಾಸನಾಳವನ್ನು ಕೆರಳಿಸುತ್ತದೆ. ತಟ್ಟೆಯನ್ನು ಈಗ ದಿನಕ್ಕೆ ಎರಡು ಸಲ ತೊಳೆಯುತ್ತೇನೆ, ಮೂತ್ರದ ಅಮೋನಿಯಾ ಘಾಟು ನಿಲ್ಲಬಾರದು. ಒಗ್ಗರಣೆಯ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದಿರುತ್ತದೆ. ಸಾಂಬ್ರಾಣಿ ನಿಂತಿತು. ಊದುಬತ್ತಿ ದೇವರ ಪಟಗಳ ಸಮೇತ ಮಹಡಿಯ ಕೋಣೆಗೆ ಹೋಯಿತು. "ದೇವರು ಹೊಂದಿಕೊಳ್ಳುತ್ತಾನೆ ಬಿಡಿ, ನಿಮ್ಮ ರಾಗಿ ಹೊಂದಿಕೊಳ್ಳುವುದಿಲ್ಲ" ಎಂದಳು ಹೆಂಡತಿ.

ಸೀನು: ರಾಗಿ 9ರಿಂದ 3ಕ್ಕೆ ಇಳಿದ. ಅವಲಕ್ಕಿ 2.

ಡಿಸೆಂಬರ್ 4

ಹೀಟರ್ ಹಾಕಿದಾಗಿನಿಂದ ಕೋಣೆಯ ತೇವಾಂಶ ಶೇ 31. ತೇವ ಬಿಡುವ ಯಂತ್ರ ತಂದು ಅತಿ ಉತ್ಸಾಹದಲ್ಲಿ ಶೇ 68ಕ್ಕೆ ಏರಿಸಿಬಿಟ್ಟೆ. ಮೂರನೆಯ ದಿನ ಅವುಗಳ ಹಾಸಿಗೆ ಬಟ್ಟೆಗೆ ಬೂಷ್ಟಿನ ವಾಸನೆ. ಎಲ್ಲವನ್ನೂ ಒಗೆದು ಶೇ 45ಕ್ಕೆ ಇಳಿಸಿದ್ದೇನೆ.

ಡಿಸೆಂಬರ್ 13

ಧೂಳು, ಹೊಗೆ, ಘಾಟು ಎಲ್ಲವನ್ನೂ ಹೊರಗೆ ಹಾಕಿದ ಮೇಲೆ ರೋಗ ತಂದವನು ನಾನೇ. ಬುಧವಾರ ಕಚೇರಿಯಿಂದ ಫ್ಲೂ ಹೊತ್ತು ಬಂದೆ. ಇವತ್ತು ಬೆಳಗ್ಗೆ ರಾಗಿಯ ಮೂಗಿನಿಂದ ನೀರು, ಕಣ್ಣಲ್ಲೂ ನೀರು. ತಟ್ಟೆಯ ಮಾಂಸವನ್ನು ಮೂಸಿ ತಿರುಗಿ ಮಲಗಿದ. ಉಸಿರು 44.

ಮನುಷ್ಯರ ನೆಗಡಿಗಳೆಲ್ಲ ಇವುಗಳಿಗೆ ಹತ್ತುವುದಿಲ್ಲ, ಆದರೆ ಇನ್‌ಫ್ಲುಯೆಂಜಾ ಖಂಡಿತ ಹತ್ತುತ್ತದೆ. ಇದು ಗೊತ್ತಾದದ್ದು ಇದೇ ದೇಶದಲ್ಲಿ. 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಫ್ಲೂ ರೋಗಿಗಳು ಗಂಟಲು ಮುಕ್ಕಳಿಸಿದ ನೀರನ್ನು ಫೆರೆಟ್‌ಗಳ ಮೂಗಿಗೆ ಹಾಕಿದರು, ಅವುಗಳಿಗೆ ಜ್ವರ ಬಂತು. ಮುಂದೆ ಸ್ಮಿತ್ ಅವರೂ ಫ್ಲೂ ಹತ್ತಿ ಮಲಗಿದರು. ಅವರಿಂದ ಪಡೆದ ವೈರಸ್ಸಿಗೆ ಅವರ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಇಷ್ಟೆಲ್ಲ ಓದಿಕೊಂಡಿದ್ದೂ ಬುಧವಾರ ರಾತ್ರಿ ಮಾಸ್ಕ್ ಇಲ್ಲದೆ ಇವನನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದೆ.

ಹಾಸನದಿಂದ ಅಮ್ಮನ ವಿಡಿಯೊ ಕರೆ. ಅಮ್ಮನಿಗೆ ಇವು ಇವತ್ತಿಗೂ ಮುಂಗುಸಿಗಳೇ. "ಎದೆಗೆ ಒಂದಿಷ್ಟು ವಿಕ್ಸ್ ಸವರೋ. ಇಲ್ಲದಿದ್ದರೆ ಬಿಸಿನೀರಿಗೆ ಎರಡು ತೊಟ್ಟು ನೀಲಗಿರಿ ಎಣ್ಣೆ. ಶುಂಠಿ ಕಷಾಯಕ್ಕೆ ಜೇನುತುಪ್ಪ ಹಾಕಿ ನೆಕ್ಕಿಸು." ನನ್ನ ಬಾಲ್ಯದ ನೆಗಡಿಗಳೆಲ್ಲ ವಾಸಿಯಾದದ್ದು ಇದೇ ಕ್ರಮದಲ್ಲಿ, ಇಲ್ಲವೆನ್ನಲಾರೆ. ಆದರೆ ಕರ್ಪೂರ, ಪುದೀನ ಸತ್ವ, ನೀಲಗಿರಿ ಎಣ್ಣೆ ಫೆರೆಟ್‌ಗಳಿಗೆ ವಿಷ. ಸವರಿದ್ದನ್ನು ಮೈ ನೆಕ್ಕಿಕೊಂಡೇ ಒಳಗಿಳಿಸಿಕೊಳ್ಳುತ್ತವೆ. ಮೇದೋಜೀರಕ ಗ್ರಂಥಿಯ ಗೆಡ್ಡೆಯಿಂದ ರಕ್ತದ ಸಕ್ಕರೆ ಏರುಪೇರಾಗುವುದು ಫೆರೆಟ್‌ಗಳಲ್ಲಿ ಸಾಮಾನ್ಯ, ಜೇನುತುಪ್ಪವನ್ನು ಮದ್ದೆಂದು ನೆಕ್ಕಿಸುವ ಹಾಗಿಲ್ಲ. ನಮ್ಮ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಮೂಗು ಬಿಡಿಸುವ ಮಾತ್ರೆ, ಯಾವುದೂ ಇವುಗಳಿಗಲ್ಲ. "ಮತ್ತೆ ಏನು ಕೊಡುತ್ತೀಯ?" ಎಂದರು ಅಮ್ಮ. "ಉಪ್ಪುನೀರು" ಎಂದೆ. ಕರೆ ಮುಗಿಯುವವರೆಗೂ ಅಮ್ಮನ ಮುಖ ಗಂಟಿಕ್ಕಿಕೊಂಡೇ ಇತ್ತು.

ಡಿಸೆಂಬರ್ 15

ಪಶುವೈದ್ಯೆಯ ಬಳಿ ಹೋಗಿ ಬಂದೆವು. ಎದೆ, ಹೃದಯ ಎರಡನ್ನೂ ಬಹಳ ಹೊತ್ತು ಆಲಿಸಿದರು. ವಯಸ್ಸಾದ ಫೆರೆಟ್ ಏದುಸಿರು ಬಿಟ್ಟರೆ ಅದು ಹೃದ್ರೋಗವೂ ಆಗಿರಬಹುದಂತೆ. ಡಿಸ್ಟೆಂಪರ್ ಲಸಿಕೆಯ ಚೀಟಿ ಕೇಳಿದರು, ಅದು ಸರಿಯಾಗಿತ್ತು. ನಾಯಿಗಳಿಂದ ಹರಡುವ ಆ ರೋಗ ತಗುಲಿದರೆ ಫೆರೆಟ್ ಬದುಕುವುದಿಲ್ಲ, ಆರಂಭದಲ್ಲಿ ಅದೂ ನೆಗಡಿಯಂತೆಯೇ ಕಾಣುತ್ತದೆ. ರಾಗಿಯದು ಫ್ಲೂ ಎಂದೇ ಅವರ ಅಭಿಪ್ರಾಯ. ಆ್ಯಂಟಿಬಯಾಟಿಕ್ ಈಗ ಬೇಡ. ಸಿಂಬಳ ಹಳದಿ ಅಥವಾ ಹಸಿರಾದರೆ ಮತ್ತೆ ತೋರಿಸಬೇಕು. ಬಾಯಿ ತೆರೆದು ಉಸಿರಾಡಿದರೆ ಅಥವಾ ವಸಡು ನೀಲಿಯಾದರೆ ನಡುರಾತ್ರಿಯಾದರೂ ಹೊರಡಬೇಕು.

ಮನೆಯಲ್ಲಿ ಮಾಡುತ್ತಿರುವುದು ಇಷ್ಟೇ. ಔಷಧ ಬೆರೆಸದ ಲವಣಜಲದಲ್ಲಿ ಹತ್ತಿಯನ್ನು ಅದ್ದಿ ಮೂಗಿನ ಹೊಳ್ಳೆ ಒರೆಸುತ್ತೇನೆ, ಅವರೇ ತೋರಿಸಿಕೊಟ್ಟಂತೆ ಒಂದೊಂದು ಹನಿ ಬಿಡುತ್ತೇನೆ. ಸ್ನಾನದ ಕೋಣೆಯಲ್ಲಿ ಬಿಸಿನೀರು ಬಿಟ್ಟು, ಹಬೆ ತುಂಬಿದ ಮೇಲೆ ನೀರು ನಿಲ್ಲಿಸಿ, ಅವನನ್ನು ತೊಡೆಯ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಕೂರುತ್ತೇನೆ. ಮೈ ಬೆವರಿಸಿ ತಂಪಾಗಲು ಫೆರೆಟ್‌ಗೆ ಬರುವುದಿಲ್ಲ, ಆದ್ದರಿಂದ ಉಷ್ಣಮಾಪಕ 24 ಡಿಗ್ರಿ ತೋರಿಸಿದರೆ ಬಾಗಿಲು ತೆರೆಯುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ಊಟ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಕರುಳು ದಾಟಿಬಿಡುತ್ತದೆ, ಉಪವಾಸ ಕೆಡವಿದರೆ ಬೇಗ ಸೋಲುತ್ತವೆ. ಕಟ್ಟಿದ ಮೂಗಿಗೆ ತಣ್ಣನೆಯ ಮಾಂಸದ ವಾಸನೆ ಹತ್ತುವುದಿಲ್ಲ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲದೆ ಬೇಯಿಸಿದ ಕೋಳಿಯನ್ನು ಅದರ ರಸದಲ್ಲೇ ಅರೆದು, ಉಗುರುಬೆಚ್ಚಗೆ ಮಾಡಿ ಬೆರಳ ತುದಿಯಲ್ಲಿ ಹಿಡಿಯುತ್ತೇನೆ. ಮೊದಲ ದಿನ ಬೆರಳಿಗೆ ಮುಖ ತಿರುಗಿಸಿದವನು ಇವತ್ತು ರಾತ್ರಿ ಎರಡು ಗಂಟೆಗೆ ಬೆರಳನ್ನೇ ಕಚ್ಚಿದ. ನೋವಾದರೂ ಖುಷಿಯಾಯಿತು.

ಡಿಸೆಂಬರ್ 18

ಅವಲಕ್ಕಿಗೂ ಹತ್ತಿತು. ಬೇರೆ ಕೋಣೆಯಲ್ಲಿ ಇಟ್ಟದ್ದು ತಡವಾಗಿತ್ತು.

ಡಿಸೆಂಬರ್ 23

ರಾಗಿ: ಉಸಿರು 35, ಸೀನು 4, ತೂಕ 1.52 ಕಿಲೊ. ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಕ್ಲಕ್ ಕ್ಲಕ್ ಎನ್ನುತ್ತ ಹಿಮ್ಮುಖವಾಗಿ ಕುಣಿದು ಗೋಡೆಗೆ ಡಿಕ್ಕಿ ಹೊಡೆದ. ಅವಲಕ್ಕಿಯದು ನಾಲ್ಕೇ ದಿನಕ್ಕೆ ಇಳಿಯಿತು. ಇವತ್ತಿನ ತೇವಾಂಶದ ಅಂಕಿ ಇಲ್ಲ: ತೇವಮಾಪಕವನ್ನು ಅವಳು ಸೋಫಾದ ಕೆಳಗೆ ಎಳೆದುಕೊಂಡು ಹೋಗಿದ್ದಾಳೆ.