ಕಿರುಬೆರಳಿಗೆ ಜೋಮು ಇಲ್ಲವೇ? ಹಾಗಾದರೆ ಮಣಿಕಟ್ಟು ನೋಡಿಸಿ

ರಾತ್ರಿ ಎರಡು-ಮೂರು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಎದ್ದು ಕೂತು ನಾಲ್ಕು ಸಲ ಕೊಡವಿದರೆ ಸರಿಹೋಗುತ್ತದೆ. ಇಷ್ಟು ಕೇಳಿದರೆ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನ ಸಂದಿಯಲ್ಲಿ ನರ ಒತ್ತಿಹೋಗುವ ತೊಂದರೆ, ಎಂಬ ಅನುಮಾನ ಬರಲೇಬೇಕು. ಆಮೇಲೆ ಕೇಳಬೇಕಾದದ್ದು ಯಾವ ಬೆರಳು ಅಂತ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಕ್ಕೆ ಜೋಮು ಬಂದು ಕಿರುಬೆರಳು ಆರಾಮಾಗಿದ್ದರೆ ಅನುಮಾನ ಗಟ್ಟಿ. ಕಿರುಬೆರಳಿಗೇ ಬಂದರೆ ಅದು ಬೇರೆ ನರ, ಮೊಣಕೈ ನೋಡಿಸಿ. ಕತ್ತು ತಿರುಗಿಸಿದಾಗ ತೋಳಿಗೆ ನೋವಿಳಿದರೆ ಕತ್ತು ನೋಡಿಸಿ.

ಮುಂಬೈ, ಪುಣೆಯ ಓಪಿಡಿಗಳಲ್ಲಿ ನಮ್ಮ ಕನ್ನಡದವರು 'ಹಾತ್ ದುಖತೋ' (ಕೈ ನೋಯುತ್ತದೆ) ಅಂದುಬಿಡುತ್ತಾರೆ, ನೋವಿನ ಗುಳಿಗೆ ಹಿಡಿದು ವಾಪಸಾಗುತ್ತಾರೆ. 'ರಾತ್ರೀ ಹಾತಾಲಾ ಮುಂಗ್ಯಾ ಯೇತಾತ್' ಅನ್ನಿ. ಮುಂಗ್ಯಾ ಅಂದರೆ ಇರುವೆಗಳು. ಜೋಮಿಗೆ ಮರಾಠಿಯಲ್ಲಿ ಅದೇ ಮಾತು.

ಮಣಿಕಟ್ಟಿನ 8 ಸಣ್ಣ ಮೂಳೆಗಳು ದೋಣಿಯ ಹಾಗೆ ಬಾಗಿವೆ, ಮೇಲೊಂದು ಗಟ್ಟಿ ಪಟ್ಟಿಯ ಮುಚ್ಚಳ. ಆ ಸಂದಿಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ನರ. ಸಂಜೆ ಏಳರ ಡೊಂಬಿವಲಿ ಲೋಕಲ್ ರೈಲು ಇದ್ದ ಹಾಗೆ: ಡಬ್ಬಿ ಹಿಗ್ಗುವುದಿಲ್ಲ, ಒಳಗಿನವರೇ ನಜ್ಜಾಗಬೇಕು. ಮಣಿಕಟ್ಟು ಮಡಚಿದರೆ ಒತ್ತಡ ಇನ್ನೂ ಏರುತ್ತದೆ. ಕೈ ಮಡಚಿ ಕೆನ್ನೆಯಡಿ ಇಟ್ಟು ಮಲಗುವವರಿಗೆ ಕಾಟ ರಾತ್ರಿಯೇ ಹೆಚ್ಚು.

ಕಾರಣಗಳಲ್ಲಿ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ರುಮಟಾಯ್ಡ್ ಸಂಧಿವಾತ, ಬೊಜ್ಜು, ಹಳೆಯ ಮೂಳೆ ಮುರಿತ ಎಲ್ಲ ಬರುತ್ತವೆ. ಬಸುರಿಯರಿಗೆ ಬಂದದ್ದು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಎರಡೂ ಕೈಗೆ ಬಂದಿದ್ದರೆ ಶುಗರ್, ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಬಿಡಬೇಡಿ. ಕೆಲಸದ ಪಾಲೂ ಇದೆ: ಬಿಗಿಯಾಗಿ ಹಿಡಿದು, ಮಣಿಕಟ್ಟು ಬಗ್ಗಿಸಿ, ಮತ್ತೆ ಮತ್ತೆ ಮಾಡುವಂಥದ್ದು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ದಿನವಿಡೀ ಕಾವಲಿ ಕೆರೆಯುವವರು, ಕಾಯಿ ತುರಿಯುವವರು, ಡ್ರಿಲ್ ಹಿಡಿಯುವವರು. ಹಿಂಜವಡಿಯ ಐಟಿ ಮಂದಿ ಕೀಬೋರ್ಡನ್ನು ಬೈಯುತ್ತಾರೆ. ಅದರ ಮೇಲಿನ ಪುರಾವೆ ಅಷ್ಟೇನೂ ಗಟ್ಟಿಯಿಲ್ಲ.

ಮನೆಯಲ್ಲೇ ನೋಡಬಹುದು. ಎರಡೂ ಕೈಯ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ 60 ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲಿ ಅದೇ ಬೆರಳುಗಳು ಜುಮ್ಮೆಂದರೆ ವೈದ್ಯರ ಬಳಿ ಹೋಗಿ. ನರ ಎಷ್ಟು ಹಾಳಾಗಿದೆ ಎಂದು ನರದ ಕರೆಂಟ್ ಪರೀಕ್ಷೆ ತಿಳಿಸುತ್ತದೆ.

ಶುರುವಿನ ಹಂತದಲ್ಲಿ ನಾನು ಮೊದಲು ನಂಬುವುದು ರಾತ್ರಿಯ ಸ್ಪ್ಲಿಂಟನ್ನು, ಅಂದರೆ ಮಣಿಕಟ್ಟು ಬಾಗದಂತೆ ಹಿಡಿಯುವ ಕಟ್ಟನ್ನು. ಎಡವಟ್ಟಾಗುವುದೂ ಅಲ್ಲೇ. ಮೆಡಿಕಲ್ ಅಂಗಡಿಯ ಎಷ್ಟೋ ಸ್ಪ್ಲಿಂಟ್‌ಗಳಲ್ಲಿ ಅಂಗೈ ಕಡೆಯ ಲೋಹದ ಪಟ್ಟಿ ಹಿಂದಕ್ಕೆ ಬಾಗಿರುತ್ತದೆ, ಮಣಿಕಟ್ಟನ್ನೂ ಹಾಗೇ ಎತ್ತಿ ಹಿಡಿಯುತ್ತದೆ. ಒತ್ತಡ ಅದರಿಂದಲೂ ಏರುತ್ತದೆ. ಸ್ಪ್ಲಿಂಟಿನ ಜೇಬಿನಿಂದ ಪಟ್ಟಿ ಎಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ, ಮತ್ತೆ ತೂರಿಸಿ. ಕೈ ಮುಂದಕ್ಕೂ ಹಿಂದಕ್ಕೂ ಬಾಗದೆ ಮೊಣಕೈಯ ನೇರಕ್ಕೆ ನಿಲ್ಲಬೇಕು. ವೆಲ್ಕ್ರೋ ಅಡಿ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಬೆರಳುಗಳು ಪೂರ್ತಿ ಮಡಚಲು ಬರಬೇಕು. ಪ್ರತಿ ರಾತ್ರಿ, 6 ವಾರ. ಒಂದು ವಾರಕ್ಕೆ ಆರಾಮಾಯಿತೆಂದು ಬಿಡುವವರೇ ಮತ್ತೆ ಬರುತ್ತಾರೆ. ಕ್ರೇಪ್ ಬ್ಯಾಂಡೇಜ್ ಸುತ್ತಿದರೆ ಬಾಗುವುದು ನಿಲ್ಲುವುದಿಲ್ಲ, ಬಿಗಿ ಮಾತ್ರ ಹೆಚ್ಚುತ್ತದೆ. ಬಿ6 ಮಾತ್ರೆ, ಮುಲಾಮಿನಿಂದ ಹೆಚ್ಚು ನಿರೀಕ್ಷೆ ಬೇಡ.

ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ನೆಮ್ಮದಿ ಕೊಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ನಾಲ್ಕೈದು ದಿನ ಶುಗರ್ ಏರಬಹುದು, ಮೊದಲೇ ಹೇಳಿ.

ಹೆಬ್ಬೆರಳ ಬುಡದ ಉಬ್ಬು ಕುಗ್ಗಿದ್ದರೆ, ಹಗಲಿಡೀ ಜೋಮು ಇದ್ದರೆ, ಅಂಗಿ ಗುಂಡಿ ಹಾಕಲು ಆಗದಿದ್ದರೆ ಸ್ಪ್ಲಿಂಟ್ ಹಾಕಿಕೊಂಡು ದಿನ ತಳ್ಳಬೇಡಿ. ಸೊರಗಿದ ಸ್ನಾಯು ಆಪರೇಷನ್ ಆದರೂ ಪೂರ್ತಿ ತುಂಬಿಕೊಳ್ಳದೆ ಇರಬಹುದು. ಆಪರೇಷನ್ನಿನಲ್ಲಿ ಆ ಮುಚ್ಚಳದ ಪಟ್ಟಿಯನ್ನು ಕತ್ತರಿಸುತ್ತಾರೆ. ಸಾಮಾನ್ಯವಾಗಿ ಕೈಗಷ್ಟೇ ಮರಗಟ್ಟಿಸಿ, ಅರ್ಧ ಗಂಟೆಯೊಳಗೆ. ಹೊಲಿಗೆ 10–14 ದಿನಕ್ಕೆ ಬಿಚ್ಚುತ್ತಾರೆ. ರಾತ್ರಿಯ ಜೋಮು ಬಹಳ ಮಂದಿಗೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ಅಂಗೈ ಊರಿ ಏಳುವಾಗಿನ ನೋವು, ಹಿಡಿತದ ಸೋಲು ಎರಡು-ಮೂರು ತಿಂಗಳು ಉಳಿಯಬಹುದು. ಗಲ್ಲಾದಲ್ಲಿ ಕೂರುವುದಾದರೆ ಎರಡು ವಾರ ಸಾಕು. ಕಾವಲಿ ಮುಂದೆ ನಿಲ್ಲಬೇಕಾದರೆ ಮಾಲೀಕರಿಗೆ ಆರು ವಾರ ಅಂತಲೇ ಹೇಳಿಡಿ.